ಅರಳುವ ಗುಂಡು

ಗುಂಡು ತಗುಲಿದ ಕಡವೆ ನಿಂತಲ್ಲೇ ಕುಸಿದು ಬೀಳುವುದು ಬೇಟೆಗಾರರು ಹೇಳುವ ಕತೆಗಳಲ್ಲೇ ಹೆಚ್ಚು. ಮಾರ್ಟಳ್ಳಿ, ರಾಮಾಪುರ, ಮಾದಪ್ಪನ ಬೆಟ್ಟದ ಸುತ್ತಿನ ಕುರುಚಲು ಕಾಡಿನಲ್ಲಿ ಅದು ಈಡಿನ ಸದ್ದಿಗೆ ಬೆನ್ನು ಗೂನು ಮಾಡಿ ನೆಗೆದು, ಬಿದಿರುಮೆಳೆ ಸೀಳಿಕೊಂಡು ಹಳ್ಳಕ್ಕಿಳಿದು ಮಾಯವಾಗುತ್ತಿತ್ತು. ಆಮೇಲಿನ ಕೆಲಸ ಬಂದೂಕಿನದಲ್ಲ, ಜಾಡು ಹಿಡಿಯುವ ಸೋಲಿಗರದು. ಅವರು ಬಗ್ಗಿ ಹುಡುಕುತ್ತಿದ್ದದ್ದು ಎಲೆಯ ಮೇಲಿನ ನೆತ್ತರ ಹನಿ. ನೊರೆ ಬೆರೆತ ತಿಳಿಗೆಂಪು ನೆತ್ತರಾದರೆ ಪೆಟ್ಟು ಶ್ವಾಸಕೋಶಕ್ಕೆ ಬಿದ್ದಿದೆ, ಪ್ರಾಣಿ ಹತ್ತಿರದಲ್ಲೇ ಎಲ್ಲೋ ಬಿದ್ದಿರುತ್ತದೆ. ಕಪ್ಪಾಗಿ ದಪ್ಪಗಿದ್ದರೆ ಈಲಿಗೆ ತಗುಲಿದೆ, ಕಾಯಬೇಕು. ಹುಲ್ಲಿನ ಹಸಿರು ಬೆರೆತಿದ್ದರೆ ಹೊಟ್ಟೆ ಹರಿದಿದೆ. ಆ ಪ್ರಾಣಿ ಮೈಲಿಗಟ್ಟಲೆ ನಡೆದು, ಸೀಳುನಾಯಿಗಳ ಪಾಲಾಗುವವರೆಗೆ ನರಳುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾಡು ಹಿಡಿಯುವವರನ್ನು ಗೊಂದಲಕ್ಕೆ ಕೆಡವುವ ಇನ್ನೊಂದು ಬಗೆಯ ಈಡು ಕಾಡಿಗೆ ಬಂತು. ಗುಂಡು ತಗುಲಿದ್ದು ಖಚಿತ, ಆದರೆ ನೆಲದ ಮೇಲೆ ನೆತ್ತರೇ ಇಲ್ಲ. ಹೊಸ ಕಾಲದ ಸಣ್ಣ ಕೋವಿಯ ಗುಂಡು ಪ್ರಾಣಿಯ ಈ ಬದಿಯಲ್ಲಿ ಹೊಕ್ಕು ಆ ಬದಿಯಲ್ಲಿ ಹೊರಬಿದ್ದಿರುತ್ತಿತ್ತು. ಪೆನ್ಸಿಲ್ ದಪ್ಪದ ತೂತನ್ನು ಚರ್ಮವೇ ಮುಚ್ಚಿಬಿಡುತ್ತಿತ್ತು. ಹಿಂದಿನ ಯಾವ ದೊಡ್ಡ ಗುಂಡೂ ಇಷ್ಟು ವೇಗವಾಗಿ ಹಾರಿರಲಿಲ್ಲ, ಇಷ್ಟು ನೇರವಾಗಿಯೂ ಹಾರಿರಲಿಲ್ಲ. ಆದರೂ ಜಿಂಕೆ ಬೀಳಲಿಲ್ಲ. ಯಾಕೆ ಎಂಬುದನ್ನು ಕಂಡುಕೊಳ್ಳಲು ಅರ್ಧ ಶತಮಾನ ಹಿಡಿಯಿತು. ದಾರಿಯಲ್ಲಿ ಒಂದು ಯುದ್ಧ ನಡೆಯಿತು, ದೊಡ್ಡ ದೊಡ್ಡ ದೇಶಗಳು ಒಂದೇ ಮೇಜಿನ ಸುತ್ತ ಕೂತು ಜಗಳವಾಡಿದವು.

ಮೊದಲು ಗುಂಡು ಸಣ್ಣದಾಗಿರಲಿಲ್ಲ. ಈ ಕಾಡುಗಳಿದ್ದ ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬಿಳಿಗಿರಿಯ ಆಚೆಯದು ಮೈಸೂರು ಸಂಸ್ಥಾನ. ಆ ಸಂಸ್ಥಾನದ ನೀರಾವರಿ ಇಲಾಖೆಯಲ್ಲಿದ್ದ ಜಾರ್ಜ್ ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಆನೆಹಿಂಡನ್ನೇ ಹಿಡಿದು ಹೆಸರಾದವನು. ಅವನಂಥವರು ದೊಡ್ಡ ಬೇಟೆಗೆ ಹೆಗಲ ಮೇಲಿಡುತ್ತಿದ್ದದ್ದು ನಾಲ್ಕು ಬೋರಿನ, ಎಂಟು ಬೋರಿನ ಕೋವಿಗಳನ್ನು. ಒಂದು ಪೌಂಡು ಸೀಸದಲ್ಲಿ ಎಷ್ಟು ಉಂಡೆಗಳಾಗುತ್ತವೋ ಅಷ್ಟು ಬೋರು ಎಂಬುದು ಲೆಕ್ಕ. ನಾಲ್ಕು ಬೋರೆಂದರೆ ಒಂದೊಂದು ಗುಂಡೂ ಕಾಲು ಪೌಂಡು, ಸುಮಾರು 113 ಗ್ರಾಂ. ನಳಿಗೆಯ ಬಾಯಿ ಒಂದು ಅಂಗುಲಕ್ಕೂ ತುಸು ಹೆಚ್ಚು. ಅದನ್ನು ಹಾರಿಸಿದವನ ಹೆಗಲೂ ಪ್ರಾಣಿಯ ಜೊತೆಗೇ ಪೆಟ್ಟು ತಿನ್ನುತ್ತಿತ್ತು.

ಇಷ್ಟು ದಪ್ಪ ಗುಂಡು ಶೋಕಿಗಾಗಿ ಇರಲಿಲ್ಲ. ಕರಿಮದ್ದಿಗೆ ಒಂದು ಮಿತಿಯಿತ್ತು. ಎಷ್ಟೇ ತುಂಬಿದರೂ ಅದು ಗುಂಡನ್ನು ಒಂದು ವೇಗದಾಚೆ ದೂಡುತ್ತಿರಲಿಲ್ಲ. ಬ್ರಿಟಿಷ್ ಸೈನ್ಯದ ಮಾರ್ಟಿನಿ-ಹೆನ್ರಿ ಕೋವಿಯ 31 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 400 ಮೀಟರ್ ಓಡುತ್ತಿತ್ತು, ಅಷ್ಟೇ. ವೇಗ ಏರದಿದ್ದರೆ ತೂಕವನ್ನಾದರೂ ಏರಿಸಬೇಕಲ್ಲ. ಜಿಂಕೆ ಬೇಟೆಗೆಂದು ಎಕ್ಸ್‌ಪ್ರೆಸ್ ಎಂಬ ಹಗುರ ಕೋವಿಗಳು ಬಂದಿದ್ದವು. ಅವುಗಳ ಸೀಸದ ಗುಂಡಿನ ಮೂತಿಯಲ್ಲಿ ಒಂದು ಕುಳಿ ಇರುತ್ತಿತ್ತು. ಮೈಯೊಳಗೆ ಹೊಕ್ಕ ಕೂಡಲೇ ಗುಂಡು ಹಿಗ್ಗಲಿ ಎಂದು ಬೇಟೆಗಾರರೇ ಕಂಡುಕೊಂಡ ಉಪಾಯ ಅದು. ಆ ಕುಳಿಯನ್ನು ಮುಂದೆ ಎಲ್ಲರೂ ಮರೆತರು, ಮರೆತದ್ದಕ್ಕೆ ಬೆಲೆಯನ್ನೂ ತೆತ್ತರು. ಇನ್ನು ಕರಿಮದ್ದಿನ ಹೊಗೆ ಬೇರೆ. ಕುದುರೆ ಎಳೆದ ಮೇಲೆ ಬೇಟೆಗಾರ ಹೊಗೆಯ ಕೆಳಗೆ ಕುಕ್ಕರಿಸಿ ಕೂತು, ತನ್ನ ಪ್ರಾಣಿ ಎತ್ತ ಓಡಿತೆಂದು ಕಾಲುಗಳನ್ನಷ್ಟೇ ನೋಡಬೇಕಾಗುತ್ತಿತ್ತು.

ಆ ಹೊಗೆ ಕರಗುವ ಕತೆ ಸ್ವಿಟ್ಜರ್ಲೆಂಡಿನ ಒಂದು ಅಡುಗೆಮನೆಯಲ್ಲಿ ಶುರುವಾಯಿತೆಂದು ಹೇಳುತ್ತಾರೆ. ಬಾಸೆಲ್ ಊರಿನ ರಸಾಯನಶಾಸ್ತ್ರಜ್ಞ ಕ್ರಿಶ್ಚಿಯನ್ ಶ್ಯೋನ್‌ಬೈನ್ ಹೆಂಡತಿ ಇಲ್ಲದ ಹೊತ್ತು ನೋಡಿ ಅಲ್ಲಿ ಪ್ರಯೋಗ ಮಾಡುತ್ತಿದ್ದನಂತೆ. ಆಮ್ಲ ಚೆಲ್ಲಿತು. ಕೈಗೆ ಸಿಕ್ಕ ಹತ್ತಿಯ ಏಪ್ರನ್ನಿನಿಂದಲೇ ಒರೆಸಿ, ತೊಳೆದು, ಒಲೆಯ ಬಳಿ ಒಣಗಲು ಹಾಕಿದ. ಒಣಗಿದ ಏಪ್ರನ್ ಭಗ್ಗೆಂದು ಹೊತ್ತಿ, ಹೊಗೆಯೇ ಇಲ್ಲದೆ ಇಲ್ಲವಾಯಿತು. ಕತೆಗೆ ಉಪ್ಪುಕಾರ ಸೇರಿರಬಹುದು. 1846ರಲ್ಲಿ ಅವನು ಸಿಡಿಹತ್ತಿಯನ್ನು ಲೋಕದ ಮುಂದಿಟ್ಟದ್ದು ಮಾತ್ರ ನಿಜ. ಎಲ್ಲರೂ ಮುಗಿಬಿದ್ದರು. ಮರುವರ್ಷವೇ ಇಂಗ್ಲೆಂಡಿನ ಫ್ಯಾವರ್‌ಶಮ್ಮಿನ ಸಿಡಿಹತ್ತಿ ಕಾರ್ಖಾನೆ ಸಿಡಿದು ಇಪ್ಪತ್ತರಷ್ಟು ಕೆಲಸಗಾರರು ಸತ್ತರು. ಕೋವಿಯೊಳಗೆ ತುಂಬಿದರೆ ಅದು ಗುಂಡನ್ನು ದೂಡುವ ಮೊದಲು ಕೋವಿಯನ್ನೇ ಒಡೆಯುತ್ತಿತ್ತು. ಹತ್ತಿಯ ಎಳೆ ಎಳೆಯ ನಡುವೆ ಬೆಂಕಿ ಒಮ್ಮೆಲೇ ನುಗ್ಗುವುದೇ ಕೇಡಿನ ಮೂಲ.

ಮೂವತ್ತೆಂಟು ವರ್ಷ ಯಾರಿಗೂ ಅದನ್ನು ಸೈನಿಕರ ಕೋವಿಗೆ ಒಗ್ಗುವಂತೆ ಪಳಗಿಸಲಾಗಲಿಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಅದನ್ನು ಈಥರ್ ಮತ್ತು ಆಲ್ಕೋಹಾಲಿನಲ್ಲಿ ನಾದಿದ. ಎಳೆಗಳು ಕರಗಿ ಕಣಕದಂತೆ ಆಯಿತು. ಅದನ್ನು ತೆಳ್ಳಗೆ ಲಟ್ಟಿಸಿ, ಒಣಗಿಸಿ, ಚೂರು ಮಾಡಿದ. ಎಳೆಗಳೇ ಇಲ್ಲದ ಮೇಲೆ ಬೆಂಕಿ ಒಳಗೆ ನುಗ್ಗಲು ದಾರಿಯಿರಲಿಲ್ಲ. ಚೂರಿನ ಮೈಮೇಲಿಂದ ಪದರ ಪದರವಾಗಿ ಉರಿಯಿತು. ಹೊಗೆ ಹೆಸರಿಗಷ್ಟೇ. ವೇಗ ಮಾತ್ರ ಹಿಂದೆಂದೂ ಕಾಣದ್ದು. ಎರಡು ವರ್ಷದೊಳಗೆ ಫ್ರೆಂಚ್ ಸೈನಿಕರ ಕೈಗೆ 8 ಮಿಲಿಮೀಟರಿನ ಲೆಬೆಲ್ ಕೋವಿ ಬಂತು. ಯುರೋಪಿನ ಉಳಿದ ಸೈನ್ಯಗಳ ಕೋವಿಗಳೆಲ್ಲ ಒಂದೇ ಏಟಿಗೆ ಹಳತಾದವು.

ಈ ವೇಗಕ್ಕೆ ಬರಿಯ ಸೀಸ ತಾಳಲಿಲ್ಲ. ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಉಜ್ಜಿ ಮೆತ್ತಿಕೊಂಡು, ನಾಲ್ಕಾರು ಈಡಿಗೇ ಕೋವಿಯ ಗುರಿ ಕೆಡಿಸುತ್ತಿತ್ತು. ಅದಕ್ಕೆ ಮದ್ದು ಮೊದಲೇ ತಯಾರಿತ್ತು: ಸ್ವಿಸ್ ಸೈನ್ಯಾಧಿಕಾರಿ ಎಡ್ವರ್ಡ್ ರೂಬಿನ್ 1882ರಲ್ಲೇ ಸೀಸಕ್ಕೆ ತಾಮ್ರದ ಕವಚ ತೊಡಿಸಿದ್ದ. ಬ್ರಿಟಿಷರೂ 1888ರಲ್ಲಿ ದಪ್ಪ ಗುಂಡನ್ನು ಕೈಬಿಟ್ಟು .303ರ ಲೀ-ಮೆಟ್‌ಫರ್ಡ್ ಕೋವಿ ತಂದರು. ಮೊದಲು ಅದರಲ್ಲೂ ಕರಿಮದ್ದನ್ನೇ ಅಮುಕಿ ತುಂಬಿದರು, ಆಮೇಲೆ ಹೊಗೆಯಿಲ್ಲದ ಕಾರ್ಡೈಟ್ ಮದ್ದು ಬಂತು. ಗುಂಡಿನ ತೂಕ 14 ಗ್ರಾಂ, ಸ್ಯಾಂಡರ್ಸನ್ ಕಾಲದ ನಾಲ್ಕು ಬೋರಿನ ಗುಂಡಿನ ಎಂಟರಲ್ಲೊಂದು ಪಾಲು. ವೇಗ ಸೆಕೆಂಡಿಗೆ 600 ಮೀಟರ್. ಮೈತುಂಬ ನಿಕ್ಕಲ್ ಬೆರೆತ ತಾಮ್ರದ ಗಟ್ಟಿ ಕವಚ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಗುಂಡು ಇರಲಿಲ್ಲ.

ಕಾಗದದಿಂದಾಚೆ ಅದರ ಮೊದಲ ದೊಡ್ಡ ಪರೀಕ್ಷೆಗಳಲ್ಲೊಂದು 1895ರ ಚಿತ್ರಾಲ್ ದಂಡಯಾತ್ರೆ. ವಾಯುವ್ಯ ಗಡಿಯ ಕೋಟೆಯೊಂದರಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಲು ಹೊರಟ ದಂಡು ಮಲಕಂಡ್ ಕಣಿವೆಯಲ್ಲಿ ಪಠಾಣರ ಎದುರು ನಿಂತಿತು. ಸೈನಿಕರು ಗುರಿಯಿಟ್ಟು ಹೊಡೆದರು, ಗುಂಡು ತಗುಲಿತು, ತಗುಲಿದವರು ಓಡಿಬರುತ್ತಲೇ ಇದ್ದರು. ಹೊಸ ಕೋವಿಯ ಮೇಲೆ ದೂರುಗಳ ಸುರಿಮಳೆಯಾಯಿತು. ಜಿಂಕೆಗೆ ಸೈನ್ಯದ ಗಟ್ಟಿ ಗುಂಡು ಹಾರಿಸಿ ನೆತ್ತರಿಲ್ಲದ ಜಾಡಿನಲ್ಲಿ ಅಲೆದಿದ್ದ ಶಿಕಾರಿ ಅಧಿಕಾರಿಗಳಿಗೆ ಇದು ಹೊಸ ಸುದ್ದಿಯೇನೂ ಆಗಿರಲಾರದು.

ಪರಿಹಾರ ಹುಡುಕುವ ಕೆಲಸ ಕಲ್ಕತ್ತೆಯ ಹೊರಗಿನ ಡಂ ಡಂ ಮದ್ದುಗುಂಡು ಕಾರ್ಖಾನೆಯ ಪಾಲಿಗೆ ಬಂತು. ಆ ಜಾಗಕ್ಕೂ ತೋಟಾಗಳಿಗೂ ಹಳೆಯ ನಂಟು. 1857ರ ಜನವರಿಯಲ್ಲಿ ಅಲ್ಲಿನ ಖಲಾಸಿಯೊಬ್ಬ ಬ್ರಾಹ್ಮಣ ಸಿಪಾಯಿಯ ಚೊಂಬಿನ ನೀರು ಕೇಳಿ, ಅವನು ಕೊಡೆನೆಂದಾಗ, ದನ ಹಂದಿಗಳ ಕೊಬ್ಬು ಸವರಿದ ತೋಟಾವನ್ನು ಹಲ್ಲಲ್ಲಿ ಕಚ್ಚುವ ದಿನ ಬಂದಮೇಲೆ ನಿನ್ನ ಜಾತಿ ಎಲ್ಲಿ ಉಳಿಯುತ್ತದೆ ಎಂದು ಕೆಣಕಿದನಂತೆ. ಆ ಸುದ್ದಿ ಹಬ್ಬಿ ಸಿಪಾಯಿ ದಂಗೆಗೆ ಕಿಡಿಯಾದದ್ದು ಎಲ್ಲರಿಗೂ ಗೊತ್ತು. ನಲವತ್ತು ವರ್ಷದ ಮೇಲೆ ಅದೇ ಡಂ ಡಂ ಇನ್ನೊಂದು ತೋಟಾದಿಂದ ಲೋಕದ ಬಾಯಿಗೆ ಬೀಳುವುದಿತ್ತು.

ಅಲ್ಲಿದ್ದ ಕ್ಯಾಪ್ಟನ್ ನೆವಿಲ್ ಬರ್ಟಿ-ಕ್ಲೇ ಮಾಡಿದ್ದು ನೋಡಲು ಬಹಳ ಸಣ್ಣ ಕೆಲಸ. ಗುಂಡಿನ ಮೂತಿಯ ಕಡೆ ಕವಚವನ್ನು ಮಿಲಿಮೀಟರಿನಷ್ಟು ಹಿಂದಕ್ಕೆ ಸರಿಸಿ ಸೀಸವನ್ನು ಬತ್ತಲಾಗಿ ಬಿಟ್ಟ. ಮೈಗೆ ತಗುಲಿದ ಕೂಡಲೇ ಮೆತ್ತನೆಯ ಮೂತಿ ಚಪ್ಪಟೆಯಾಗಿ ಹಿಂದಕ್ಕೆ ಮಡಚಿಕೊಂಡಿತು. ಸಣ್ಣ ಗುಂಡು ಮೈಯೊಳಗೆ ಹೋಗಿ ದೊಡ್ಡದಾಯಿತು. ಎಕ್ಸ್‌ಪ್ರೆಸ್ ಕೋವಿಯ ಹಳೆಯ ಕುಳಿಗುಂಡಿನ ಗುಟ್ಟೇ ಬೇರೆ ವೇಷದಲ್ಲಿ ಮರಳಿತ್ತು. ತೊಡಕೂ ಇತ್ತು. ಆ ಕವಚ ಬುಡದಲ್ಲಿ ಮೊದಲೇ ತೆರೆದದ್ದು, ಈಗ ಮೂತಿಯಲ್ಲೂ ತೆರೆಯಿತು. ಎರಡೂ ಕಡೆ ಬಾಯಿಬಿಟ್ಟ ಕವಚ ನಳಿಗೆಯಲ್ಲೇ ಸಿಕ್ಕಿಕೊಂಡು ಸೀಸ ಮಾತ್ರ ಹಾರಿಹೋದರೆ, ಮುಂದಿನ ಈಡು ಹಾರಿಸುವವನ ಗತಿ ದೇವರೇ ಬಲ್ಲ. ಇಂಗ್ಲೆಂಡಿನ ವುಲಿಚ್ ಕಾರ್ಖಾನೆ ಈ ಭಯ ತಪ್ಪಿಸಲು ಮೂತಿಯಲ್ಲಷ್ಟೇ ಕುಳಿಯಿದ್ದ ಬೇರೆ ಗುಂಡು ಮಾಡಿತು. 1899ರ ಬೇಸಿಗೆಯ ಸೆಕೆಯಲ್ಲಿ ಬಿಸ್ಲಿಯ ಗುರಿಮೈದಾನದಲ್ಲಿ ಅದೂ ಕವಚ ಬಿಟ್ಟುಕೊಡತೊಡಗಿತು.

ಅಷ್ಟರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಿಂದ ಒಂದು ವರದಿ ಬಂದು ಯುರೋಪೆಲ್ಲ ಗುಲ್ಲೆದ್ದಿತ್ತು. ಶಸ್ತ್ರವೈದ್ಯ ಪಾಲ್ ಬ್ರೂನ್ಸ್ ಮೆತ್ತನೆ ಮೂತಿಯ ಗುಂಡು ಮೂಳೆ ಮಾಂಸಗಳನ್ನು ಎಷ್ಟು ಭೀಕರವಾಗಿ ಚಿಂದಿ ಮಾಡುತ್ತದೆಂದು ಪ್ರಯೋಗ ಮಾಡಿ ತೋರಿಸಿದ. ಓದಿದವರು ಬ್ರಿಟಿಷರ ಡಂ ಡಂ ಗುಂಡನ್ನು ಶಪಿಸಿದರು. ಅವನು ಹಾರಿಸಿದ್ದು ಡಂ ಡಂ ಗುಂಡೇ ಆಗಿರಲಿಲ್ಲ! ಅದು ಅಂಗಡಿಯಲ್ಲಿ ಸಿಗುವ ಮೌಸರ್ ಬೇಟೆಗುಂಡು. ಮಿಲಿಮೀಟರಿನಷ್ಟಲ್ಲ, ಅದರಲ್ಲಿ ಸೀಸ ಅದಕ್ಕಿಂತ ಬಹಳ ಹೆಚ್ಚು ಬತ್ತಲಾಗಿತ್ತು. ಯುದ್ಧದ ನಿಯಮ ಗೊತ್ತುಮಾಡಲು ಕೂಡಿದ 1899ರ ಹೇಗ್ ಸಮ್ಮೇಳನದಲ್ಲಿ ಬ್ರಿಟನ್ನಿನ ಸರ್ ಜಾನ್ ಆರ್ಡಾ ಇದನ್ನೇ ಹಿಡಿದು ವಾದಿಸಿದ. ಹೆಚ್ಚಿನವರು ಕಿವಿಗೊಡಲಿಲ್ಲ. ಜುಲೈ 29ರಂದು, ಮನುಷ್ಯನ ಮೈಯೊಳಗೆ ಸುಲಭವಾಗಿ ಹಿಗ್ಗುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂಬ ಘೋಷಣೆಯಾಯಿತು. ಬ್ರಿಟನ್ ಆಗ ಒಪ್ಪದಿದ್ದರೂ 1907ರಲ್ಲಿ ಒಪ್ಪಿತು. ವಾದದಲ್ಲಿ ಆರ್ಡಾ ಸರಿಯಿದ್ದ, ತೀರ್ಪಿನಲ್ಲಿ ಸಮ್ಮೇಳನ ಸರಿಯಿತ್ತು.

ರಣರಂಗದಿಂದ ಹೊರದಬ್ಬಿಸಿಕೊಂಡ ಗುಂಡು ಕಾಡಿನಲ್ಲಿ ಉಳಿಯಿತು. ಅಲ್ಲಿ ಅದನ್ನು ಕ್ರೂರವೆಂದು ಯಾರೂ ಕರೆಯಲಿಲ್ಲ. ತೂತಾಗಿ ಓಡಿಹೋಗಿ ಮೂರು ದಿನ ನರಳುವ ಜಿಂಕೆಗಿಂತ ನಾಲ್ಕು ಹೆಜ್ಜೆಗೆ ಬೀಳುವ ಜಿಂಕೆ ಮೇಲು ಎಂಬುದು ಬೇಟೆಗಾರನ ನ್ಯಾಯ. ಮುಂದೆ ಬ್ರಿಟನ್ನಿನ 1963ರ ಜಿಂಕೆ ಕಾಯ್ದೆ ಈ ನ್ಯಾಯವನ್ನೇ ಕಾನೂನು ಮಾಡಿ, ಜಿಂಕೆಗೆ ಮೆತ್ತನೆ ಮೂತಿಯ ಅಥವಾ ಕುಳಿ ಮೂತಿಯ ಗುಂಡನ್ನೇ ಹಾರಿಸಬೇಕು ಎಂದಿತು. ಮನುಷ್ಯನಿಗೆ ಯಾವುದು ಕೂಡದೋ ಜಿಂಕೆಗೆ ಅದು ಕಡ್ಡಾಯ!

ಭಾರತದ ಬೇಟೆಗಾರನ ಆಯ್ಕೆಯನ್ನು ವಿಜ್ಞಾನಕ್ಕಿಂತ ಹೆಚ್ಚಾಗಿ ಸರ್ಕಾರದ ಅಂಜಿಕೆ ನಿರ್ಧರಿಸಿತು. ಸೈನ್ಯದ ತೋಟಾ ಬಂಡಾಯಗಾರರ ಕೈಗೆ ಸಿಕ್ಕೀತೆಂದು .450, .303 ಅಳತೆಗಳು ಖಾಸಗಿಯವರಿಗೆ ನಿಷಿದ್ಧವಾದವು. ಕೋವಿ ತಯಾರಕರು ಪಕ್ಕದ ಅಳತೆಗೆ ಸರಿದರು. 8 ಮಿಲಿಮೀಟರಿನ .315 ನಮ್ಮಲ್ಲಿ ಮನೆಮಾತಾದದ್ದು ಹೀಗೆ. ಕಲ್ಕತ್ತೆಯ ಬಳಿಯ ಇಶಾಪುರ ಕಾರ್ಖಾನೆಯ .315 ಬೆಳೆ ಕಾಯುವ ಲೈಸೆನ್ಸುದಾರರ ಕೋವಿಯಾಗಿ ಉಳಿಯಿತು. ಕುಮಾವೂನಿನಲ್ಲಿ ಜಿಮ್ ಕಾರ್ಬೆಟ್‌ಗೆ 1907ರ ಚಂಪಾವತ್ ಹುಲಿಯ ಬೇಟೆಗೆ ಉಡುಗೊರೆಯಾಗಿ ಬಂದದ್ದು ಸಣ್ಣ ನಳಿಗೆಯ .275 ರಿಗ್ಬಿ. ನಮ್ಮ ಕಡೆಯ ಕಾಡುಗಳಲ್ಲಿ ಅಲೆದ ಕೆನೆತ್ ಆಂಡರ್ಸನ್ ಮಾತ್ರ ದಪ್ಪ .405 ವಿಂಚೆಸ್ಟರನ್ನು ಬಿಡಲಿಲ್ಲ. ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ಆಂಡರ್ಸನ್ ಹೊಸಬನಲ್ಲ.

ಗುಂಡು ಇನ್ನೂ ಸಣ್ಣದಾಗಬಹುದೇ? ಅಮೆರಿಕದ ಚಾರ್ಲ್ಸ್ ನ್ಯೂಟನ್‌ಗೆ ಇದೇ ಗುಂಗು. ತೂಕ ಇಳಿಸು, ವೇಗ ಏರಿಸು ಎಂಬುದು ಅವನ ಮಂತ್ರ. 1912ರಲ್ಲಿ ಸ್ಯಾವೇಜ್ ಕಂಪನಿ ಅವನ .22 ಹೈ-ಪವರ್ ತೋಟಾವನ್ನು ಮಾರುಕಟ್ಟೆಗೆ ಬಿಟ್ಟಿತು. ಗುಂಡಿನ ತೂಕ ಬರೀ ನಾಲ್ಕೂವರೆ ಗ್ರಾಂ, ವೇಗ ಸೆಕೆಂಡಿಗೆ 850 ಮೀಟರ್. ಹ್ಯಾರಿ ಕಾಲ್ಡ್‌ವೆಲ್ ಎಂಬ ಪಾದ್ರಿ ಅದರಿಂದ ಚೀನಾದಲ್ಲಿ ಹುಲಿ ಹೊಡೆದ ಸುದ್ದಿ ಜಾಹೀರಾತಿಗಿಂತ ಜೋರಾಗಿ ಹಬ್ಬಿತು. ಕಿರುಬೆರಳಿಗಿಂತ ಸಣ್ಣ ಗುಂಡು ಹುಲಿಗೆ ಸಾಕಾದರೆ ಜಿಂಕೆಯೇನು ಮಹಾ ಎಂದು ಜನ ಕೊಂಡರು.

ಕೆಲವರ ಜಿಂಕೆ ಸಿಡಿಲು ಬಡಿದಂತೆ ಬಿತ್ತು. ಇನ್ನು ಕೆಲವರದು ಹೆಗಲ ಮೇಲೆ ಬೋಗುಣಿಯಷ್ಟು ಅಗಲದ ಗಾಯ ಹೊತ್ತು ಓಡಿಹೋಯಿತು. ಗಾಯ ಅಗಲವಾಗಿತ್ತು, ಆಳವಿರಲಿಲ್ಲ. ಚಿತ್ರಾಲದ ತಕರಾರು ಈಗ ತಲೆಕೆಳಗಾಗಿತ್ತು: ಅಲ್ಲಿ ಗುಂಡು ಅರಳದೆ ಹಾದುಹೋಗುತ್ತಿತ್ತು, ಇಲ್ಲಿ ಚರ್ಮ ದಾಟುವ ಮೊದಲೇ ಪುಡಿಯಾಗುತ್ತಿತ್ತು. ವೇಗ ಏರಿದಷ್ಟೂ ತೆಳು ಕವಚ, ಮೆದು ಸೀಸ ಎರಡೂ ಕೈಕೊಟ್ಟವು. ಶಿಕಾರಿಗಳು ಎರಡು ಪಂಗಡವಾಗಿ, ದಪ್ಪ ನಿಧಾನಗುಂಡಿನವರು ಸಣ್ಣ ವೇಗದ ಗುಂಡಿನವರನ್ನು ಮೂರು ದಶಕ ಬೈದರು. ಎರಡೂ ಕಡೆ ಸಾಕ್ಷಿಗೆ ಸತ್ತ ಜಿಂಕೆಗಳಿದ್ದವು. ಗಾಯಗೊಂಡು ಕಾಡಿನಲ್ಲಿ ಕಾಣೆಯಾದವು ಯಾರ ಲೆಕ್ಕಕ್ಕೂ ಬರಲಿಲ್ಲ.

1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂದು ಮೂಸ್ ಆ ಜಗಳಕ್ಕೆ ದಾರಿ ತೋರಿಸಿತು. ಜಿಂಕೆಯ ಜಾತಿಯಲ್ಲೇ ದೈತ್ಯನಾದ ಆ ಪ್ರಾಣಿ ಕೆಸರಿನಲ್ಲಿ ಹೊರಳಿ ಬಂದಿತ್ತು, ಕೆಸರು ಮೈಮೇಲೆ ಒಣಗಿ ಗಟ್ಟಿಯಾಗಿತ್ತು. ಎದುರಿಗಿದ್ದವನು ಅಮೆರಿಕದ ಆರೆಗಾನಿನ ಜಾನ್ ನಾಸ್ಲರ್. ಲಾರಿ ಸಾಗಾಣಿಕೆ ಅವನ ಕಸುಬು, ವಿಜ್ಞಾನಿಯೇನಲ್ಲ. ಕೈಯಲ್ಲಿದ್ದದ್ದು ಬಿರುಸಿನ .300 ಮ್ಯಾಗ್ನಂ. ಹಾರಿಸಿದ. ಮೂಸ್ ಅಲ್ಲಾಡಲಿಲ್ಲ. ಮತ್ತೆ ಮತ್ತೆ ಹಾರಿಸಬೇಕಾಯಿತು. ಗುಂಡುಗಳು ಆ ಒಣಕೆಸರು ಮೆತ್ತಿದ ಚರ್ಮಕ್ಕೆ ಬಡಿದೊಡನೆ ಹೊರಗೇ ಚೂರಾಗುತ್ತಿದ್ದವು.

ನಾಸ್ಲರ್ ತೋಟಾ ಕಂಪನಿಯನ್ನು ಬೈದುಕೊಂಡು ಸುಮ್ಮನಾಗಬಹುದಿತ್ತು. ಅವನು ಊರಿಗೆ ಮರಳಿ ಲೇತಿನ ಮುಂದೆ ನಿಂತ. ಗುಂಡು ಬೇಗ ಅರಳಲೂ ಬೇಕು, ಒಡೆಯಲೂ ಬಾರದು. ಒಂದೇ ಸೀಸದ ತುಂಡಿನಿಂದ ಈ ಎರಡನ್ನೂ ಕೇಳುವುದೇ ತಪ್ಪು ಅನ್ನಿಸಿತು. ತಾಮ್ರದ ಸರಳಿನ ತುಂಡು ತೆಗೆದುಕೊಂಡು ಎರಡೂ ತುದಿಯಿಂದ ಕೊರೆದ, ಕೊರೆತಗಳು ನಡುವೆ ಕೂಡದಂತೆ ಒಂದು ಗೋಡೆ ಉಳಿಸಿದ. ಮುಂದಿನ ಕುಳಿಗೂ ಹಿಂದಿನ ಕುಳಿಗೂ ಬೇರೆ ಬೇರೆ ಸೀಸ ತುಂಬಿದ. ಮರುವರ್ಷ, 1947ರಲ್ಲಿ, ಅವನೂ ಗೆಳೆಯನೊಬ್ಬನೂ ಅದೇ ಗುಂಡು ಹಿಡಿದು ಮೂಸ್ ಬೇಟೆಗೆ ಹೋದರು. ಒಬ್ಬೊಬ್ಬರದು ಒಂದೊಂದೇ ಈಡು, ಒಂದೊಂದು ಮೂಸ್. 1948ರಲ್ಲಿ ಆ ಗುಂಡು ಮಾರಾಟಕ್ಕೆ ಬಂತು. ಅದರ ಹೆಸರೇ ‘ಪಾರ್ಟಿಶನ್’.

ಗುಟ್ಟು ಇಷ್ಟೇ. ಜಿಂಕೆ ಬೀಳುವುದು ಗುಂಡಿನ ದಪ್ಪಕ್ಕೂ ಅಲ್ಲ, ಬರಿಯ ವೇಗಕ್ಕೂ ಅಲ್ಲ. ಹೃದಯ ಶ್ವಾಸಕೋಶಗಳವರೆಗೆ ಮುಟ್ಟುವ, ಮುಟ್ಟಿದಲ್ಲಿ ಅಗಲವಾಗುವ ಗಾಯಕ್ಕೆ. ಮೂತಿ ಅರಳಿದರೆ ಗಾಯ ಅಗಲವಾಗುತ್ತದೆ, ಆದರೆ ಅರಳಿದಷ್ಟೂ ಗುಂಡಿನ ಓಟಕ್ಕೆ ತಡೆ ಹೆಚ್ಚು. ಆಳಕ್ಕೆ ಇಳಿಯಬೇಕಾದರೆ ಅದರ ಹಿಂದೆ ಒಡೆಯದೆ ಉಳಿದ ತೂಕ ಬೇಕು. ನಾಸ್ಲರನ ಗೋಡೆ ಮುಂಭಾಗವನ್ನು ಅರಳಲು ಬಿಟ್ಟು ಹಿಂಭಾಗವನ್ನು ಇಡಿಯಾಗಿ ಉಳಿಸಿತು. ಸಣ್ಣ ಗುಂಡಿಗೆ ಮೊದಲೇ ತೂಕ ಕಡಿಮೆಯಾದ್ದರಿಂದ ಅದು ಚೂರು ಕಳೆದುಕೊಂಡರೂ ಕಷ್ಟ. ಅಳತೆ ಇಳಿದಷ್ಟೂ ಕವಚದ ದಪ್ಪ ಮತ್ತು ಗುಂಡಿನ ರಚನೆ ಮುಖ್ಯವಾಗುವುದು ಅದಕ್ಕೆ. ಬ್ರಿಟಿಷ್ ಕಾಯ್ದೆಯೂ ಜಿಂಕೆಗೆ .240ಕ್ಕಿಂತ ಸಣ್ಣ ನಳಿಗೆ ಕೂಡದೆಂದು ಗೆರೆ ಎಳೆದು, ನಮ್ಮ ಕಾಡುಕುರಿಯ ನಂಟನಾದ ಮಂಟ್‌ಜಾಕ್‌ನಂಥ ಪುಟ್ಟ ಜಿಂಕೆಗೆ ಮಾತ್ರ .22ನ್ನು 2007ರಲ್ಲಿ ಒಪ್ಪಿತು.

ಈ ಜಾಣ ಗುಂಡು ಹುಟ್ಟಿ ಬೆಳೆಯುವ ಹೊತ್ತಿಗೆ ನಮ್ಮ ಕಡೆ ಗಾಳಿ ಬದಲಾಗಿತ್ತು. ಬಿಳಿಗಿರಿಯ ಹೊನ್ನಮೇಟಿಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ರಾಲ್ಫ್ ಮಾರಿಸ್ ಹೆಸರಾಂತ ಶಿಕಾರಿ. ಅವನೇ ಕಾಡುಪ್ರಾಣಿಗಳ ಪರ ಬರೆಯುವವನಾಗಿದ್ದ. ಕೊಳ್ಳೇಗಾಲ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಪರವಾನಗಿ ಶಿಕಾರಿಯ ಕಾಲ ಮುಗಿಯಿತು. ಆಮೇಲೂ ಕಾಡಿನಲ್ಲಿ ಕದ್ದು ಕೇಳಿಸಿದ ಈಡು ಹೆಚ್ಚಾಗಿ ನಾಡಬಂದೂಕಿನದು: ಬಾಯಿಂದ ಮದ್ದು ತುರುಕಿ, ಚರೆ ಸುರಿದು, ಚಿಂದಿ ಅಮುಕಿ ಹಾರಿಸುವ ಕೋವಿ. ವಿಯೇಲ್, ರೂಬಿನ್, ನಾಸ್ಲರ್ ಯಾರ ವಿದ್ಯೆಯೂ ಅದರ ನಳಿಗೆಗೆ ಇಳಿದಿರಲಿಲ್ಲ. ಅದರ ಚರೆ ತಿಂದ ಜಿಂಕೆ ಹಳೆಯ ಕಾಲದಂತೆಯೇ ಓಡಿಹೋಗಿ ಕಾಡೊಳಗೆ ಕೊಳೆಯಿತು.

2013ರ ಮೇ ತಿಂಗಳಲ್ಲಿ ಮಾದಪ್ಪನ ಬೆಟ್ಟಸಾಲಿನ 906 ಚದರ ಕಿಲೋಮೀಟರ್ ಕಾಡು ಮಲೆ ಮಹದೇಶ್ವರ ವನ್ಯಜೀವಿಧಾಮವಾಯಿತು. ವನ್ಯಜೀವಿಧಾಮದೊಳಗೆ ಜಿಂಕೆ ಹೊಡೆದರೆ, ತೋಟಾ ಯಾವುದೇ ಇರಲಿ, ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು.